ಸೀನುವಿನ ಸಹಿ

ಜೂನ್ 9, ಸೋಮವಾರ

ದಿನಾ ಒಂದು ಪುಟ ದೊಡ್ಡ ಅಕ್ಷರದಲ್ಲಿ ಬರೀಬೇಕಂತೆ, ಕೈಗೆ ವ್ಯಾಯಾಮ. ಡಾಕ್ಟ್ರು ಹೇಳಿ ಎರಡು ತಿಂಗಳಾಯ್ತು. ಏನು ಬರೀಲಿ, ರಾಮಕೋಟಿ ಬರೀಲಾ ಅಂತ ಕೇಳಿದ್ದೆ. ಏನಾದ್ರೂ ಬರೀರಿ, ಬೈಗುಳ ಆದ್ರೂ ಸರಿ ಅಂದಿದ್ದರು. ಇವತ್ತು ಬೈಗುಳ ಸಿಕ್ಕಿದೆ, ಶುರು ಮಾಡ್ತಿದ್ದೀನಿ.

ಬ್ಯಾಂಕಿನಲ್ಲಿ ನನ್ನ ಚೆಕ್ಕು ವಾಪಸ್ ಮಾಡಿದರು. ಸಹಿ ಹೊಂದ್ತಾ ಇಲ್ಲವಂತೆ. ಕೌಂಟರಿನ ಹುಡುಗಿ ನನ್ನ ಮುಖ ನೋಡಿ, ಚೆಕ್ಕು ನೋಡಿ, "ಮೇಡಂ, ಇದು ನಿಮ್ದೇ ಸಹೀನಾ?" ಅಂತಾಳೆ! ಕಾಲೇಜು ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿ ಕೂತು ಜನ್ಮವಿಡೀ ಬೇರೆಯವರ ಅರ್ಜಿ ವಾಪಸ್ ಮಾಡಿದವಳು ನಾನು. ಒಂದು ಇನಿಷಿಯಲ್ ತಪ್ಪಿದ್ದರೂ ಬಿಟ್ಟವಳಲ್ಲ. ನನಗೇ ಬಿಳಿ ಹಾಳೆ ಕೊಟ್ಟು, ಇನ್ನೊಂದ್ಸಲ ಮಾಡಿ ನೋಡೋಣ ಅಂದಳು. ಮಾಡಿದೆ. ಚೂ ದೊಡ್ಡದಾಗಿ ಬಂತು, ಡಾ ಅದಕ್ಕಿಂತ ಚಿಕ್ಕದು, ಮಣಿ ಹೊತ್ತಿಗೆ ಸಾಸಿವೆ ಕಾಳು. ನನ್ನ ಟೇಬಲ್ಲಿಗೆ ಬಂದಿದ್ದರೆ ನಾನೂ ವಾಪಸ್ ಮಾಡ್ತಿದ್ದೆ.

ಹೊಸ ಸಹಿ ಕೊಡಿ ಅಂದಳು. ಕೊಟ್ಟರೆ ಅದೂ ಆರು ತಿಂಗಳಿಗೆ ಹಳೇದಾಗುತ್ತೆ ಅಂತ ಅವಳಿಗೆ ಹೇಗೆ ಹೇಳೋದು?

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪಾರ್ಕಿನ್ಸನ್ ಅಂತ ಹೇಳಿದ ದಿನವೂ ಇಷ್ಟು ಹೆದರಿರಲಿಲ್ಲ. ಕೈ ನಡುಗುತ್ತೆ, ನಡುಗಲಿ, ಹೇಗೋ ಸಾಗುತ್ತೆ ಅಂದ್ಕೊಂಡಿದ್ದೆ. ಸಹಿ ಹೋಗಿಬಿಡುತ್ತೆ ಅಂತ ಯಾರೂ ಹೇಳಿರಲಿಲ್ಲ. ಸಹಿ ಹೋದ ಮೇಲೆ ತಮ್ಮ ಸೀನೂಗೋಸ್ಕರ ಏನು ಮಾಡೋಕಾಗುತ್ತೆ ನನ್ನಿಂದ?

ಮನೆಗೆ ಬಂದರೆ ಬಾಗಿಲಲ್ಲೇ ಕಾಯ್ತಾ ಕೂತಿದ್ದ. ಬ್ಯಾಗ್ ಇಸ್ಕೊಂಡ. ಕಾಫಿ ಮಾಡಿ ಅರ್ಧ ಲೋಟ ಕೊಟ್ಟ. "ಯಾಕೋ ಅರ್ಧ?" ಅಂದರೆ, "ತುಂಬ ಕೊಟ್ರೆ ಚೆಲ್ತೀಯ" ಅಂದ. ಡಿಕಾಕ್ಷನ್ ಹದ ಇನ್ನೂ ಬರಲಿಲ್ಲ ಇವನಿಗೆ, ಮಾತು ಮಾತ್ರ ಬರುತ್ತೆ.

ಜೂನ್ 19, ಗುರುವಾರ

ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಲಾಯರನ್ನ ನೋಡಿದೆ. ಹೆಸರು ಶರ್ವಾಣಿ, ನಮ್ಮ ಕಾಲೇಜಿನಲ್ಲೇ ಓದಿದವಳು. ಪಾತ್ರೆ ಅಂಗಡಿ ಮೇಲೆ ಆಫೀಸು. ಆಟೋದಲ್ಲಿ ಕೂತು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ನನ್ನ ತಮ್ಮ ಶ್ರೀನಿವಾಸ, ಐವತ್ತು ಹತ್ತಿರ ಬಂತು, ಬುದ್ಧಿ ಏಳೆಂಟು ವರ್ಷದ ಹುಡುಗನದು. ಅಪ್ಪ ಅಮ್ಮ ಇಲ್ಲ. ನಾನು ಮದುವೆ ಆಗಲಿಲ್ಲ. ಶ್ರೀನಗರದ ಮನೆ ನನ್ನ ಹೆಸರಲ್ಲಿದೆ. ತಂಗಿ ಲತಾಮಣಿ ಗಂಡ, ಮಗಳ ಜೊತೆ ಜೆ.ಪಿ. ನಗರದಲ್ಲಿದ್ದಾಳೆ. ನಾನು ಮಲಗಿಬಿಟ್ಟರೆ, ಇಲ್ಲಾ ಹೋಗೇಬಿಟ್ಟರೆ, ಇವನ ಗತಿ ಏನು? ಅಲ್ಲಿಗೆ ಹೋದ ಮೇಲೆ ಕೊನೇ ವಾಕ್ಯ ಮಾತ್ರ ಬಾಯಿಗೆ ಬಂತು.

ಎಲ್ಲದಕ್ಕೂ ಸೀನೂನೇ ನಾಮಿನಿ ಮಾಡಿದ್ದೀನಿ ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ.

"ಮೇಡಂ, ನಾಮಿನಿ ಅಂದ್ರೆ ದುಡ್ಡು ಇಸ್ಕೊಳ್ಳೋರು ಅಷ್ಟೇ. ಅದು ಯಾರಿಗೆ ಸೇರ್ಬೇಕು ಅನ್ನೋದು ವಿಲ್ಲಲ್ಲಿರ್ಬೇಕು. ಅದಿರ್ಲಿ, ಇವ್ರು ಇಸ್ಕೊಂಡು ಏನ್ಮಾಡ್ತಾರೆ? ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ಯಾ?"

ಇಲ್ಲ. ಅಮ್ಮ ಮಾಡಿಸಲೇ ಇಲ್ಲ. ಲತಾಗೆ ಗಂಡು ನೋಡ್ತಿದ್ದ ಕಾಲ ಅದು. ಮನೇಲಿ ಹೀಗೊಬ್ಬ ಇದ್ದಾನೆ ಅಂತ ಸರ್ಕಾರದ ಕಾಗದದಲ್ಲಿ ಬಂದುಬಿಟ್ಟರೆ ಯಾರು ಹೆಣ್ಣು ತಗೊಳ್ತಾರೆ ಅಂತ ಅವಳ ಭಯ. ರೇಷನ್ ಕಾರ್ಡಿನಿಂದ ಆಧಾರ್‌ವರೆಗೆ ಸೀನು ಎಲ್ಲರ ಹಾಗೇ ಒಬ್ಬ ಗಂಡಸು. ಬಂದವರ ಮುಂದೆ ಹೇಳೋಕೆ ಅಮ್ಮ ಅವನಿಗೆ ಮಾತೂ ಕಲಿಸಿದ್ದಳು, ಸಹೀನೂ ಕಲಿಸಿದ್ದಳು.

"ಸಹಿ ಮಾಡ್ತಾರಾ?" ಶರ್ವಾಣಿ ಪೆನ್ನು ಕೆಳಗಿಟ್ಟಳು.

"ಮಾಡ್ತಾನೆ, ಇಂಗ್ಲಿಷಲ್ಲಿ. ಮುತ್ತು ಪೋಣಿಸಿದ ಹಾಗೆ."

"ಹಾಗಿದ್ರೆ ಕಾಗದದ ಮೇಲೆ ಇವ್ರು ಪೂರ್ತಿ ಸರಿಯಾಗಿದ್ದಾರೆ. ನಾಳೆ ಮನೆ ಇವ್ರ ಹೆಸ್ರಿಗೆ ಬಂತು ಅಂತಿಟ್ಕೊಳ್ಳಿ. ಯಾರೋ ಒಂದು ಮಸಾಲೆ ದೋಸೆ ಕೊಡ್ಸಿ ಸಹಿ ಹಾಕಿಸ್ಕೊಂಡ್ರೆ ಮನೆ ಹೋಯ್ತು. ಕೋರ್ಟಲ್ಲಿ ನಾವೇ ಒದ್ದಾಡ್ಬೇಕು."

ಮೊದಲು ಸರ್ಟಿಫಿಕೇಟು. ಅದಿದ್ದರೆ ಡಿ.ಸಿ. ಆಫೀಸಿನ ಸಮಿತಿ ಇವನಿಗೊಬ್ಬ ಗಾರ್ಡಿಯನ್ ನೇಮಿಸುತ್ತೆ. ವಿಲ್ಲಿನಲ್ಲಿ ಮನೆಯನ್ನ ಸೀದಾ ಇವನಿಗೆ ಕೊಡದೆ ಇವನ ಹೆಸರಿನ ಒಂದು ಟ್ರಸ್ಟಿಗೆ ಬಿಡಬೇಕು. ಇದೆಲ್ಲ ನನ್ನ ಕೈಯಲ್ಲಿ ಸಹಿ, ತಲೆಯಲ್ಲಿ ಬುದ್ಧಿ ಇರುವಾಗಲೇ ಆಗಬೇಕು. ಅವಳು ಮೆತ್ತಗೇ ಹೇಳಿದಳು. "ಗಾರ್ಡಿಯನ್ ಅಂತ ಯಾರ ಹೆಸ್ರು ಬರ್ಕೊಳ್ಳಿ ಮೇಡಂ?"

ಆಮೇಲೆ ಹೇಳ್ತೀನಿ ಅಂದೆ. ನನ್ನದು ಸಹಿ ಅಲ್ಲ ಅಂತ ಬ್ಯಾಂಕಿನವರು, ಇವನದು ಅಪ್ಪಟ ಸಹಿ ಅಂತ ಲಾಯರು. ದೇವರಿಗೆ ತಮಾಷೆ ಜಾಸ್ತಿಯಾಗಿದೆ.

ಜೂನ್ 24, ಮಂಗಳವಾರ

ಲತಾ ಬಂದಿದ್ದಳು, ಹಲಸಿನ ಹಣ್ಣಿನ ತೊಳೆ ತಂದಿದ್ದಳು. ರೋಗದ ವಿಷಯ ಹೇಳಿದೆ. ಅತ್ತಳು, ನನ್ನ ಕೈ ಹಿಡ್ಕೊಂಡಳು. ಸರ್ಟಿಫಿಕೇಟಿನ ವಿಷಯ ಎತ್ತಿದ ತಕ್ಷಣ ಕೈ ಬಿಟ್ಟಳು.

"ಈಗ ಬೇಡ ಅಕ್ಕ. ನಾಡಿದ್ದಿಂದ ಆಷಾಢ. ಮುಗಿದ ಮೇಲೆ ವಿಭಾನ ನೋಡೋಕೆ ಬಸವನಗುಡಿಯೋರು ಬರ್ತಿದ್ದಾರೆ. ಒಳ್ಳೇ ಜನ. ಈ ಟೈಮಲ್ಲಿ ಡಿ.ಸಿ. ಆಫೀಸು, ಸಮಿತಿ, ಮನೆ ಹತ್ರ ಎನ್ಕ್ವಯರಿ..."

"ನಿನ್ನ ಮದುವೆಗೂ ಇದೇ ಮಾತು, ಈಗ ನಿನ್ನ ಮಗಳ ಮದುವೆಗೂ ಇದೇನಾ?"

"ನಾನು ಇಲ್ವಾ ಸೀನೂಗೆ? ಸ್ವಂತ ಅಕ್ಕ ಅಲ್ವಾ ನಾನೂನು? ಕಾಗದ ಯಾಕೆ?"

"ಹಾಗಾದ್ರೆ ಗಾರ್ಡಿಯನ್ ನೀನಾಗು."

"ಅವ್ರನ್ನೊಂದು ಮಾತು ಕೇಳ್ಬೇಕು" ಅಂದಳು. ಅವ್ರು ಅಂದರೆ ಗಂಡ, ತಿರುಮಲೇಶ. ಅವನು ಪಾಪದವನು. ಇವಳು ಕಾಫಿಗೆ ಸಕ್ಕರೆ ಹಾಕಬೇಕಾದರೂ ಅವನ ಹೆಸರು ಹೇಳ್ತಾಳೆ, ಅವನಿಗೆ ಗೊತ್ತೇ ಇರಲ್ಲ.

ಹೋದ ಮೇಲೆ ಎದ್ದು ಅಡುಗೆಮನೆಗೆ ಹೊರಟರೆ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡಿತು. ಇದು ಹೊಸದು. ಎತ್ತಬೇಕು ಅಂತ ತಲೆ ಹೇಳುತ್ತೆ, ಕಾಲು ಕೇಳಲ್ಲ. ಸೀನು ಬಂದು ತನ್ನ ಕಾಲನ್ನ ನನ್ನ ಕಾಲಿನ ಮುಂದೆ ಅಡ್ಡ ಇಟ್ಟ. "ಬೀಳಿಸ್ತೀಯೇನೋ ಕೋತಿ!" ಅಂತ ಬೈದೆ. "ದಾಟು" ಅಂದ. ದಾಟಿದೆ. ಹಲಸಿನ ತೊಳೆಯೆಲ್ಲ ಅವನೇ ತಿಂದಿದ್ದ.

ಜುಲೈ 8, ಮಂಗಳವಾರ

ಕೈ ಜಾಸ್ತಿ ನಡುಗ್ತಿದೆ, ಆದರೂ ಬರೀತೀನಿ. ಸೀನು ಎಲ್ಲೋ ಸಹಿ ಮಾಡಿ ಬಂದಿದ್ದಾನೆ.

ಹೂ ತರೋಕೆ ಹೋದವನು ಕೈಯಲ್ಲೊಂದು ಹೊಸ ಪೆನ್ನು ಹಿಡ್ಕೊಂಡು ಬಂದ. ಯಾರು ಕೊಟ್ಟಿದ್ದು ಅಂದೆ. "ಅಂಕಲ್. ಸಹಿ ಹಾಕಿದೆ. ಸಖತ್ ಸಹಿ ಅಂದ್ರು." ಯಾವ ಅಂಕಲ್? "ಕೂಲಿಂಗ್ ಗ್ಲಾಸ್ ಅಂಕಲ್." ಯಾವ ಕಾಗದ? "ದೊಡ್ಡದು." ಬಿಳೀದಾ, ಹಸಿರಾ? ಛಾಪಾ ಕಾಗದ ಹಸಿರಾಗೂ ಇರುತ್ತೆ ಅಂತ ಕೇಳಿದೆ. ಯೋಚನೆ ಮಾಡಿ, "ನಿಂಗೆ ಯಾವುದು ಇಷ್ಟ?" ಅಂತ ನನ್ನನ್ನೇ ಕೇಳಿದ.

ಭುಜ ಹಿಡಿದು ಅಲ್ಲಾಡಿಸಿದೆ. ಅಷ್ಟು ಜೋರಾಗಿ ಕಿರುಚಬಾರದಿತ್ತು. ಪಕ್ಕದ ಮನೆ ಅಣ್ಣಮ್ಮನವರು ಕಿಟಕಿಯಿಂದ, "ಏನಾಯ್ತು ಚೂಡಾ?" ಅಂದರು. ಏನೂ ಇಲ್ಲ ಅಂದೆ. ಅವನ ಕೈ ಹಿಡ್ಕೊಂಡು ಹೂವಿನ ಅಂಗಡಿ, ಹಾಲಿನ ಬೂತು, ದೇವಸ್ಥಾನ ಎಲ್ಲ ಸುತ್ತಿದೆ. ಯಾರಿಗೂ ಗೊತ್ತಿಲ್ಲ. ನಾನು ಇರುವಾಗಲೇ ಹೀಗೆ. ನಾನಿಲ್ಲದ ಮೇಲೆ ಇವನನ್ನ ಈ ರಸ್ತೆಯಲ್ಲಿ ಕಣ್ಣು ಕಟ್ಟಿ ಬಿಟ್ಟ ಹಾಗೆ.

ಜುಲೈ 9, ಬುಧವಾರ

ಮೂಲೆಯಲ್ಲಿ ಕಸ ಸುರೀತಾರೆ ಅಂತ ರಸ್ತೆಯವರೆಲ್ಲ ಸೇರಿ ಕೊಡ್ತಿರೋ ಮನವಿ ಅದು. ಕೂಲಿಂಗ್ ಗ್ಲಾಸಿನವರು ಕೊನೇ ಮನೆ ಸೋಮನಾಥ್. ಕಣ್ಣಿನ ಆಪರೇಷನ್ ಆಗಿದೆಯಂತೆ. "ನಿಮ್ಮ ತಮ್ಮಂದೇ ಫಸ್ಟ್ ಸಹಿ ಮೇಡಂ, ನೀವೂ ಹಾಕಿ" ಅಂದರು. ಹಾಕಿದೆ. ನನ್ನ ಸಹಿ ನೋಡಿ, ಕಾಗದ ಮಡಚಿಕೊಂಡು, "ಇರ್ಲಿ ಬಿಡಿ" ಅಂದರು.

ನಗು ಬಂತು. ಬಾತ್‌ರೂಮಿಗೆ ಹೋಗಿ ಅತ್ತೆ.

ಜುಲೈ 22, ಮಂಗಳವಾರ

ಲತಾಗೆ ಹೇಳದೆ ಸೀನೂನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಆ ಪೆನ್ನಿನ ದಿನದಿಂದ ಮನಸ್ಸಿಗೆ ನೆಮ್ಮದಿ ಇಲ್ಲ.

ಬೆಳಗ್ಗೆ ಹೊರಡೋ ಹೊತ್ತಿಗೆ ಬ್ಲೌಸಿನ ಹುಕ್ಕು ಹಾಕೋಕೆ ಆಗಲಿಲ್ಲ. ಸೀನು ಕಣ್ಣು ಮುಚ್ಚಿಕೊಂಡು ಬೆನ್ನ ಹಿಂದೆ ನಿಂತು ಹಾಕಿದ. ಮುಂದಿನ ತಿಂಗಳಿಂದ ನೈಟಿ ಥರದ್ದೇ ಏನಾದರೂ ಹೊಲಿಸಬೇಕು. ಇದಕ್ಕೂ ಇವನನ್ನ ಕರೆಯೋದು ಚೆನ್ನಾಗಿರಲ್ಲ.

ಸರದಿ ಬಂತು. ಪರೀಕ್ಷೆ ಮಾಡೋ ಮೇಡಂ ಚಿಕ್ಕ ವಯಸ್ಸಿನವರು, ನಗುನಗುತ್ತಾ ಮಾತಾಡಿಸಿದರು. "ನಿಮ್ಮ ಹೆಸ್ರೇನು?"

ಸೀನು ಎದ್ದು ನಿಂತು ಕೈ ಮುಗಿದ. "ನಮಸ್ಕಾರ. ನಾನು ಶ್ರೀನಿವಾಸ. ಎಸ್ಸೆಸ್ಸೆಲ್ಸಿ ಆಗಿದೆ. ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸ. ಕಾಫಿ ತಗೊಳ್ಳಿ."

ಹೇಳಿ, ತಿರುಗಿ, ಹೊರಗೆ ಹೊರಟೇಹೋದ.

ಅಮ್ಮ ಕಲಿಸಿದ್ದು. ಒಂದಕ್ಷರ ಮರೆತಿಲ್ಲ. ಹೇಳಿ ಮುಗಿಸಿದ ತಕ್ಷಣ ಒಳಕ್ಕೆ ಹೋಗಿಬಿಡಬೇಕು, ಬಂದವರು ಇನ್ನೊಂದು ಪ್ರಶ್ನೆ ಕೇಳೋ ಮುಂಚೆ. ಹಾಗೆ ಹೋದರೆ ಮೈಸೂರ್‌ಪಾಕು ಸಿಗ್ತಿತ್ತು. ಇಲ್ಲಿ ಒಳಗೆ ಹೋಗೋಕೆ ಕೋಣೆ ಇಲ್ಲ ಅಂತ ಕಾರಿಡಾರಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಮತ್ತೆ ಒಳಕ್ಕೆ ಬಾ ಅಂದರೆ ಬರಲಿಲ್ಲ. ಬೇಡಿಕೊಂಡೆ, ಗದರಿದೆ, ಮೈಸೂರ್‌ಪಾಕು ಕೊಡಿಸ್ತೀನಿ ಅಂದೆ. ಅಮ್ಮ ಬೈತಾಳೆ ಅಂದ. ಅಮ್ಮ ಹೋಗಿ ಏಳು ವರ್ಷ ಆಯ್ತು.

"ಪರೀಕ್ಷೆಗೆ ಕೂರ್ದೆ ನಾನೇನೂ ಬರ್ಯೋಕಾಗಲ್ಲ ಮೇಡಂ. ಎಸ್ಸೆಸ್ಸೆಲ್ಸಿ, ಕೆಲಸ ಅಂತ ಬೇರೆ ಹೇಳ್ತಿದ್ದಾರೆ. ಇನ್ನೊಂದ್ಸಲ ಕರ್ಕೊಂಡ್ಬನ್ನಿ" ಅಂದರು ಆಕೆ. ತಪ್ಪಿಲ್ಲ ಅವರದು.

ಆಟೋದಲ್ಲಿ ಮನೆಗೆ ಬರೋವರೆಗೂ, "ಸರಿಯಾಗಿ ಹೇಳಿದ್ನಾ ಅಕ್ಕ?" ಅಂತ ಕೇಳ್ತಾನೇ ಇದ್ದ.

ಜುಲೈ 24, ಗುರುವಾರ

ಅದೆಲ್ಲ ಸುಳ್ಳು, ಅಲ್ಲಿ ಹೇಳಬಾರದು ಅಂತ ಬಿಡಿಸಿ ಹೇಳಿದೆ. "ಅಮ್ಮ ಸುಳ್ಳು ಹೇಳ್ತಾಳಾ?" ಅಂದ. ಇಡೀ ದಿನ ಊಟ ಮಾಡಲಿಲ್ಲ.

ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ತಂದುಕೊಟ್ಟ, ಮುಖ ಊದಿಸಿಕೊಂಡೇ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಲತಾ ಮನೆಗೆ ಹೋಗಿದ್ದೆವು. ಬಸವನಗುಡಿಯ ಗಂಡಿನ ತಾಯಿ ಅರಿಶಿನ ಕುಂಕುಮಕ್ಕೆ ಬರ್ತಾರೆ ಅಂತ ನನಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು. ಲತಾ ನನ್ನನ್ನ ಪಕ್ಕಕ್ಕೆ ಕರೆದು, "ಅಕ್ಕ, ತಪ್ಪು ತಿಳ್ಕೋಬೇಡ, ಸೀನು ಸ್ವಲ್ಪ ಹೊತ್ತು ವಿಭಾ ರೂಮಲ್ಲಿರ್ಲಿ" ಅಂದಳು. ತಪ್ಪೇನು ತಿಳ್ಕೊಳ್ಳೋದು, ಎಷ್ಟು ಸಲ ನಾನೇ ಬಾಗಿಲು ಹಾಕಿದ್ದೀನಿ. ಕೂರಿಸಿ ಬಾಗಿಲು ಹಾಕಿ ಬಂದೆ.

ಆಕೆ ಬಂದರು, ಜೊತೆಗೆ ಇನ್ನಿಬ್ಬರು. ನನ್ನ ಕೈಗೆ ಲತಾ ತಾಂಬೂಲದ ತಟ್ಟೆ ಕೊಟ್ಟಳು. ಹಾಲ್‌ನ ಹೊಸ್ತಿಲ ಹತ್ತಿರ ಕಾಲು ನಿಂತಿತು. ತೆಂಗಿನಕಾಯಿ ತಟ್ಟೆಯಲ್ಲಿ ಟಕಟಕ ಅಂತ ಕುಣೀತಿದೆ, ಎಲ್ಲರೂ ನೋಡ್ತಿದ್ದಾರೆ, ಒಂದು ಹೆಜ್ಜೆ ಬರ್ತಿಲ್ಲ. ಈಗ ಬೀಳ್ತೀನಿ ಅಂತ ಗೊತ್ತಾಯ್ತು. ಅಂಥ ಭಯ ವೈರಿಗೂ ಬೇಡ.

ರೂಮಿನ ಬಾಗಿಲು ತೆಗೆದು ಸೀನು ಬಂದ. ತಟ್ಟೆ ಸದ್ದು ಕೇಳಿಸಿತಂತೆ. ಯಾರ ಮುಖವನ್ನೂ ನೋಡದೆ ಕಾಲು ಅಡ್ಡ ಇಟ್ಟು, "ಅಕ್ಕ, ದಾಟು" ಅಂದ. ದಾಟಿದೆ. ತಟ್ಟೆ ಇಸ್ಕೊಂಡು ಆಕೆಯ ಮುಂದಿಟ್ಟ. ಕೈ ಮುಗಿದು ಶುರು ಮಾಡಿದ: "ನಮಸ್ಕಾರ. ನಾನು ಶ್ರೀನಿವಾಸ. ಎಸ್ಸೆಸ್ಸೆಲ್ಸಿ ಆಗಿದೆ..."

ಲತಾ ಮುಖ ಸುಣ್ಣದ ಹಾಗಾಯ್ತು. ಆಕೆ, "ಯಾರಿವ್ರು?" ಅಂದರು.

"ನಮ್ಮ ಸೋದರಮಾವ" ಅಂದಳು ವಿಭಾ. "ಎಸ್ಸೆಸ್ಸೆಲ್ಸಿ ಆಗಿಲ್ಲ ಆಂಟಿ. ಮಾವ ಸ್ಕೂಲಿಗೆ ಸರಿಯಾಗಿ ಹೋಗೇ ಇಲ್ಲ, ಅವ್ರಿಗೆ ಆಗ್ತಿರ್ಲಿಲ್ಲ. ನಮ್ಮ ದೊಡ್ಡಮ್ಮನ ಜೊತೆ ಇದ್ದಾರೆ."

ಆಕೆ ಹ್ಞೂಂ ಅಂದರು, ಕುಂಕುಮ ಇಟ್ಟುಕೊಂಡರು, ಹೋದರು. ಕೋಸಂಬರಿ ಮುಟ್ಟಲಿಲ್ಲ.

ಲತಾ ಅಡುಗೆಮನೆಯಲ್ಲಿ ಸಿಂಕಿನ ಮೇಲೆ ಬಗ್ಗಿ ಅಳ್ತಿದ್ದಳು. ನಾನು ಪೆನ್ನಿನ ಕಥೆ, ಆಸ್ಪತ್ರೆ ಕಥೆ ಎಲ್ಲ ಹೇಳಿಬಿಟ್ಟೆ. "ನನ್ನನ್ನ ನೋಡೋಕೆ ಗಂಡಿನವ್ರು ಬಂದಾಗ ಹೇಳಿದ ಮಾತು ಇನ್ನೂ ಹೇಳ್ತಿದ್ದಾನಾ ಇವ್ನು?" ಅಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಿನಗೋಸ್ಕರ ಕಣೇ" ಅಂದೆ. ಸಿಟ್ಟಲ್ಲಿ ಅಂದೆ. ಆದರೆ ನಿಜವೇ ತಾನೇ?

ಆಗಸ್ಟ್ 19, ಮಂಗಳವಾರ

ಮತ್ತೆ ಆಸ್ಪತ್ರೆ. ಲತಾ ಬಂದಳು, ತಾನಾಗೇ. ಗಂಡನ್ನ ಕೇಳಿದೆ ಅಂತ ಕೂಡ ಹೇಳಲಿಲ್ಲ.

ಪರೀಕ್ಷೆ ಕೋಣೆಯ ಬಾಗಿಲಲ್ಲಿ ಸೀನು ಮತ್ತೆ ಕೈ ಮುಗಿಯೋಕೆ ಹೊರಟ. ಅವಳು ಅವನ ಕೈಯೆರಡನ್ನೂ ಹಿಡಿದಳು.

"ಸೀನು, ನನ್ನ ಮದುವೆ ಆಯ್ತು ಕಣೋ."

"ಆಯ್ತಾ?"

"ಆಯ್ತು. ನೀನು ಚೆನ್ನಾಗಿ ಹೇಳಿದ್ದಕ್ಕೇ ಆಗಿದ್ದು. ಅಮ್ಮ ಹೇಳ್ಕೊಟ್ಟಿದ್ದು ಮುಗೀತು. ಇನ್ಮೇಲೆ ಒಳಕ್ಕೆ ಹೋಗ್ಬೇಕಾಗಿಲ್ಲ. ಎಲ್ಲರ ಜೊತೆ ಕೂತ್ಕೊಂಡು ಮಾತಾಡ್ಬಹುದು."

"ಎಷ್ಟು ಹೊತ್ತು?"

"ಎಷ್ಟು ಹೊತ್ತಾದ್ರೂ."

ಹೋಗಿ ಕುರ್ಚಿಯಲ್ಲಿ ಕೂತ. ಏಳಲೇ ಇಲ್ಲ ಪುಣ್ಯಾತ್ಮ. ಇಷ್ಟು ವರ್ಷದ ಮಾತೆಲ್ಲ ಆ ಮೇಡಂ ಹತ್ತಿರ ಆಡಿರಬೇಕು. ಮುಗಿಸಿ ಹೊರಗೆ ಬಂದವರು, ಸರ್ಟಿಫಿಕೇಟು ಆಗುತ್ತೆ ಮೇಡಂ, ಸ್ವಲ್ಪ ದಿನ ಹಿಡಿಯುತ್ತೆ ಅಂದರು. ಆಮೇಲೆ, "ಮನೇಲಿ ನಿಮ್ಮನ್ನ ಯಾರು ನೋಡ್ಕೊಳ್ತಾರೆ ಅಂತ ಕೇಳ್ದೆ. ನಾನೇ ಅಕ್ಕನ್ನ ನೋಡ್ಕೊಳ್ಳೋದು ಅಂದ್ರು" ಅಂತ ನಕ್ಕರು.

ನೋಡಿ ಇವನ ಜಂಬ! ಒಂದು ಸಾರು ಮಾಡೋಕೆ ಬರಲ್ಲ, ನನ್ನನ್ನ ಇವನು ನೋಡ್ಕೊಳ್ಳೋದಂತೆ. ಲತಾ ಯಾಕೋ ನಗಲಿಲ್ಲ. ವಾಪಸ್ ಬರುವಾಗ, "ಗಾರ್ಡಿಯನ್ ಅಂತ ನನ್ನ ಹೆಸ್ರು ಬರ್ಸು" ಅಂದಳು. ವಿಭಾ ಟ್ರಸ್ಟಿನಲ್ಲಿರ್ತಾಳಂತೆ. ಬಸವನಗುಡಿಯವರು ಇನ್ನೂ ಫೋನ್ ಮಾಡಿಲ್ಲ.

ಆಗಸ್ಟ್ 30, ಶನಿವಾರ

ಇವತ್ತು ಅರ್ಧ ಗಂಟೆ ಶರ್ವಾಣಿ ಹೆಸರು ನೆನಪಾಗಲಿಲ್ಲ. ಎಲ್ಲರಿಗೂ ಆಗುತ್ತೆ ಇದು. ಆಗುತ್ತೆ ತಾನೇ?

ಸೆಪ್ಟೆಂಬರ್ 11, ಗುರುವಾರ

ವಿಲ್ ರಿಜಿಸ್ಟರ್ ಆಯ್ತು. ಪಿತೃಪಕ್ಷದಲ್ಲಿ ಯಾರೂ ಸೈಟು ಮನೆ ಕೊಳ್ಳಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸು ಖಾಲಿ ಇರುತ್ತೆ, ಬೇಗ ಆಗುತ್ತೆ ಅಂತ ಶರ್ವಾಣಿನೇ ಹೇಳಿದ್ದಳು. ನಿಜಕ್ಕೂ ಖಾಲಿ ಇತ್ತು. ಬುದ್ಧಿ ಸರಿಯಾಗಿದೆ ಅಂತ ನರದ ಡಾಕ್ಟ್ರು ಬರೆದುಕೊಟ್ಟ ಕಾಗದ ಜೊತೆಗಿಟ್ಟಿದ್ದೆ.

ಸೀನು ಹೊರಗೇ ಇರಲಿ ಅಂದಳು ಶರ್ವಾಣಿ. ಲಾಭ ಸಿಗೋನು ಪಕ್ಕದಲ್ಲಿ ನಿಂತಿದ್ದರೆ ಬಲವಂತ ಮಾಡಿ ಬರೆಸಿದ ಅಂತ ನಾಳೆ ಯಾರಾದರೂ ಅಂದಾರು. ಬಲವಂತ ಮಾಡೋ ಮುಖ ನೋಡಿ! ಕಿಟಕಿ ಸರಳು ಹಿಡ್ಕೊಂಡು ನಿಂತಿದ್ದ.

ಮೊದಲ ಪುಟಕ್ಕೆ ಸಹಿ ಬಂತು. ಎರಡನೇದಕ್ಕೆ ಬೆರಳು ಹಿಡಿದುಕೊಂಡಿತು. ಇಲ್ಲಿವರೆಗೆ ಬಂದು ಇದು ಆಗದೆ ಹೋದರೆ ಅನ್ನಿಸಿತು. ನಿಧಾನ ಮಾಡಿ ಅಮ್ಮ ಅಂತ ಸಬ್‌ರಿಜಿಸ್ಟ್ರಾರ್ ಹೇಳಿದರು. ಕಾದರು. ಸಹಿ ಇರುವೆ ಸಾಲಿನ ಹಾಗೆ ಬಂತು. ಜೊತೆಗೆ ಹೆಬ್ಬೆಟ್ಟೂ ಒತ್ತಿಸಿಕೊಂಡರು. ಎಷ್ಟೋ ಜನರನ್ನ ಹೆಬ್ಬೆಟ್ಟು ಅಂತ ಆಡಿಕೊಂಡ ಬಾಯಿ ಇದು.

ವಿಲ್ಲಿನ ಕೆಲಸ ಮುಗೀತು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಶರ್ವಾಣಿ ಆವತ್ತು ಹೊರಡೋವಾಗ, "ಸೀನು ಅವ್ರಿಗೆ ಹೇಳಿದ್ದೀರಾ ಮೇಡಂ?" ಅಂದಿದ್ದಳು. ಏನು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು.

ಬೆಳಗ್ಗೆ ಹುರುಳಿಕಾಯಿ ಬಿಡಿಸ್ತಾ ಕೂತಿದ್ದ. ನಾನು ಎದುರಿಗೆ ಕೂತೆ. ಸೀನು, ನನಗೆ ಹುಷಾರಿಲ್ಲ ಅಂದೆ. ಗೊತ್ತು ಅಂದ. ಇದು ವಾಸಿಯಾಗಲ್ಲ ಅಂದೆ. ಗೊತ್ತು ಅಂದ. ಮುಂದೆ ಒಂದು ದಿನ ನಾನು ಇರಲ್ಲ, ಈ ಮನೆ ನಿನಗೇ ಇರುತ್ತೆ, ಲತಾ ಬರ್ತಾಳೆ, ವಿಭಾ ಬರ್ತಾಳೆ, ನೀನು ಏನಕ್ಕೂ ಹೆದರಬೇಡ ಅಂದೆ.

ಬಹಳ ಹೊತ್ತು ಕಾಯಿ ಬಿಡಿಸಿದ. ಆಮೇಲೆ ಕೇಳಿದ.

"ಆವತ್ತು ನನ್ನನ್ನ ಅಣ್ಣಮ್ಮ ಆಂಟಿ ಮನೆಗೆ ಕಳಿಸ್ತೀಯಾ?"

"ಯಾವತ್ತು?"

"ನೀನು ಸತ್ತ ದಿನ. ಕಳಿಸ್ಬೇಡ ಅಕ್ಕ. ನಾನು ಇಲ್ಲೇ ಇರ್ತೀನಿ."

ಅಮ್ಮ ಹೋದ ದಿನ ಅವನನ್ನ ಪಕ್ಕದ ಮನೆಗೆ ಕಳಿಸಿದ್ದೆವು. ಜನ ಸೇರ್ತಾರೆ, ಇವನು ಗಾಬರಿಯಾಗ್ತಾನೆ, ಏನಾದರೂ ಮಾತಾಡಿಬಿಡ್ತಾನೆ ಅಂತ. ಅಣ್ಣಮ್ಮನವರು ಟಿ.ವಿ. ಹಾಕಿ ಕೂರಿಸಿ ಕೇಸರಿಭಾತು ಮಾಡಿಕೊಟ್ಟಿದ್ದರು. ಕೊಳ್ಳಿ ಇಟ್ಟವನು ಚಿಕ್ಕಪ್ಪನ ಮಗ. ಎಲ್ಲ ಮುಗಿದ ಮೇಲೆ ಕರ್ಕೊಂಡು ಬಂದೆವು. ಅಮ್ಮನ ಮಂಚದ ಹತ್ತಿರ ಹೋಗಿ ನೋಡಿ ಸುಮ್ಮನೆ ಹೊರಗೆ ಬಂದ. ಪಾಪ, ಅವನಿಗೆ ಏನೂ ಗೊತ್ತಾಗಲಿಲ್ಲ, ಒಳ್ಳೇದೇ ಆಯ್ತು ಅಂತ ನಾವೆಲ್ಲ ಮಾತಾಡಿಕೊಂಡಿದ್ದೆವು.

ಏಳು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದಾನೆ. ಕಳಿಸಲ್ಲ ಅಂದೆ. ದೇವರಾಣೆ ಅಂದ. ದೇವರಾಣೆ ಅಂದೆ.

ಸೆಪ್ಟೆಂಬರ್ 15, ಸೋಮವಾರ

ವಿಲ್ಲಿಗೆ ಒಂದು ಸಾಲು ಸೇರಿಸಬೇಕು ಅಂತ ಶರ್ವಾಣಿಗೆ ಫೋನ್ ಮಾಡಿದೆ. ಸಂಸ್ಕಾರ ಸೀನೂನೇ ಮಾಡಬೇಕು, ಅವನನ್ನ ಎಲ್ಲೂ ಕಳಿಸಬಾರದು ಅಂತ.

"ಸೇರಿಸ್ಬಹುದು ಮೇಡಂ. ಆದ್ರೆ ವಿಲ್ ತೆಗೆದು ಓದೋದು ವೈಕುಂಠ ಸಮಾರಾಧನೆ ಎಲ್ಲ ಆದ್ಮೇಲೆ. ಆ ಹೊತ್ತಿಗೆ ಅದು ಯಾರಿಗೆ ಬೇಕು? ಆವತ್ತು ಮನೇಲಿ ಯಾರಿರ್ತಾರೋ ಅವ್ರಿಗೆ ಈಗ್ಲೇ ಬಾಯಲ್ಲಿ ಹೇಳಿ" ಅಂದಳು.

ಲತಾಗೆ ಹೇಳಿದೆ. "ನನ್ನ ಪಕ್ಕದಲ್ಲೇ ನಿಲ್ಲಿಸ್ಕೋತೀನಿ ಅಕ್ಕ" ಅಂದಳು.

ಸೆಪ್ಟೆಂಬರ್ 16, ಮಂಗಳವಾರ

ಅಣ್ಣಮ್ಮನವರ ಮನೆಗೆ ಹೋಗಿಬಂದೆ. ಮೊದಲು ಓಡಿ ಬರೋರು ಅವರೇ. ಪ್ರೀತಿಯಿಂದಲೇ ಬರ್ತಾರೆ, ಪ್ರೀತಿಯಿಂದಲೇ ಕೈ ಹಿಡಿದು ಕರ್ಕೊಂಡು ಹೋಗಿಬಿಡ್ತಾರೆ. ಆ ದಿನ ಅವನನ್ನ ಕರೀಬೇಡಿ ಅಂದೆ.

"ಬಿಡ್ತು ಅನ್ರೀ ಚೂಡಾ! ಮನೆಗೆ ಬಂದು ಎಂಥ ಮಾತಾಡ್ತೀರಿ?"

ಅನ್ನಲಿಲ್ಲ. ಅವರು ಮಾತು ಕೊಡೋವರೆಗೆ ಅಲ್ಲೇ ಕೂತಿದ್ದೆ. ಎದ್ದು ಹೊರಗೆ ಬಂದರೆ ಸೀನು ಗೇಟಿನ ಹತ್ತಿರ ಕಾಯ್ತಿದ್ದ.

ಮನೆಗೆ ಬಂದು ಆಂಟಿ ಒಪ್ಪಿದರು ಅಂತ ಹೇಳಿದೆ. ಅವತ್ತು ಇಲ್ಲಿದ್ದು ಏನು ಮಾಡ್ತೀಯೋ, ಜನ ಇರ್ತಾರೆ, ಅಳ್ತಿರ್ತಾರೆ, ಭಯ ಆಗಲ್ವಾ ಅಂತ ಕೇಳಿದೆ. ನನಗೇ ಭಯ, ಅದಕ್ಕೇ ಕೇಳಿದೆ.

"ಆಗತ್ತೆ. ನಿನ್ನ ಕೈ ಹಿಡ್ಕೊಂಡು ಕೂತ್ಕೋತೀನಿ" ಅಂದ. ಆಮೇಲೆ ನನ್ನ ಬಲಗೈಯನ್ನ ನೋಡ್ತಾ, "ಅವಾಗ ಅಲ್ಲಾಡಲ್ಲ, ಅಲ್ವಾ?" ಅಂದ.

"ಇಲ್ಲ ಕಣೋ, ಅಲ್ಲಾಡಲ್ಲ" ಅಂದೆ.

ಸರಿ ಅಂತ ಹೇಳಿ ಹಾಲು ತರೋಕೆ ಹೋದ.